ಇಂದೋರ್ ಕಸದ ಗಾಡಿಗೆ ನನ್ನ ಮಾರ್ಕ್ಸ್

ಪ್ರವಾಸ ಹೋಗಿ ಬಂದವರು ಹೋಟೆಲ್ ಬಗ್ಗೆ ಬರೆಯುತ್ತಾರೆ, ನಾನು ಕಸದ ಗಾಡಿ ಬಗ್ಗೆ ಬರೆಯುತ್ತಿದ್ದೇನೆ, ನಗಬೇಡಿ. ನಾಲ್ಕು ದಿನ ಇಂದೋರ್‌ನಲ್ಲಿದ್ದೆ. ಕೇಂದ್ರ ಸರ್ಕಾರ ನಡೆಸುವ ನಗರ ಸ್ವಚ್ಛತೆ ಸಮೀಕ್ಷೆ ಸ್ವಚ್ಛ ಸರ್ವೇಕ್ಷಣೆಯಲ್ಲಿ 2017ರಿಂದ ಸತತ ಏಳು ಸಲ ಮೊದಲು ಬಂದ ಊರು ಇದು, ಏಳನೇ ಸಲ ಮಾತ್ರ ಸೂರತ್ ಜೊತೆ ಹಂಚಿಕೊಂಡಿತು. 2016ರಲ್ಲಿ ಆ ಜಾಗ ನಮ್ಮ ಮೈಸೂರಿನದಾಗಿತ್ತು, ಆಗ ಇಂದೋರ್ 25ನೇದು. ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚು ಇಟ್ಟುಕೊಂಡೇ, ತಪ್ಪು ಹುಡುಕೋಣ ಅಂತಲೇ ಹೋಗಿದ್ದೆ.

ಮೊದಲ ದಿನ ಬೆಳಗ್ಗೆ ಲೌಡ್‌ಸ್ಪೀಕರ್ ಹಾಡು ಕೇಳಿ ಎಚ್ಚರವಾಯಿತು. ಮದುವೆ ಮೆರವಣಿಗೆ ಅಂದುಕೊಂಡು ಬಾಲ್ಕನಿಗೆ ಬಂದರೆ ಕಸದ ಗಾಡಿ! ಎದುರು ಮನೆ ಹೆಂಗಸು ಬಕೆಟ್‌ಗಳನ್ನು ಹಿಡಿದು ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಗಾಡಿಯಲ್ಲಿ ಬೇರೆ ಬೇರೆ ಖಾನೆಗಳಿವೆ: ಹಸಿ ಕಸ, ಪ್ಲಾಸ್ಟಿಕ್, ಪ್ಲಾಸ್ಟಿಕ್ ಅಲ್ಲದ ಒಣ ಕಸ, ಕೆಟ್ಟ ಚಾರ್ಜರ್-ವೈರು, ಡಯಾಪರ್-ಪ್ಯಾಡು, ಆಮೇಲೆ ಬಲ್ಬು, ಬಣ್ಣದ ಡಬ್ಬದಂಥ ಅಪಾಯದ ಕಸ. ಹಸಿ ಕಸದ ಬಕೆಟ್‌ನಲ್ಲಿ ಒಂದು ಹಾಲಿನ ಕವರ್ ಸಿಕ್ಕಿತು. ಗಾಡಿಯವನು ಅದನ್ನು ಎತ್ತಿ ವಾಪಸ್ ಕೊಟ್ಟ. ಜಗಳ ಇಲ್ಲ, ಭಾಷಣ ಇಲ್ಲ. ಆಕೆ ನಕ್ಕು ಇನ್ನೊಂದು ಬಕೆಟ್‌ಗೆ ಹಾಕಿದರು, ಗಾಡಿ ಮುಂದೆ ಹೋಯಿತು.

ನನಗೆ ಇಷ್ಟವಾಗಿದ್ದು ಇದೇ ನೋಡಿ. ಈ ಊರಲ್ಲಿ ಜಾಸ್ತಿ ಗುಡಿಸುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಗುಡಿಸುತ್ತಾರೆ ನಿಜ, ರಾತ್ರಿ ದೊಡ್ಡ ರಸ್ತೆಗಳಲ್ಲಿ ಯಂತ್ರಗಳೂ ಓಡಾಡುತ್ತವೆ, ಆದರೆ ಅಸಲಿ ವಿಷಯ ಕಸ ರಸ್ತೆಗೆ ಬೀಳುವುದೇ ಇಲ್ಲ ಅನ್ನುವುದು. ಗಾಡಿ ಬಂದೇ ಬರುತ್ತದೆ ಅನ್ನೋ ನಂಬಿಕೆ ಇದ್ದರೆ ರಾತ್ರಿ ಕವರ್ ಕಟ್ಟಿ ಮೂಲೆಯ ಖಾಲಿ ಸೈಟಿಗೆ ಎಸೆಯಲು ಯಾರು ಹೋಗುತ್ತಾರೆ, ಅಲ್ವಾ? ಬೀದಿ ಮೂಲೆಯಲ್ಲಿ ತುಂಬಿ ತುಳುಕುವ ದೊಡ್ಡ ತೊಟ್ಟಿ ನಾಲ್ಕು ದಿನದಲ್ಲಿ ಒಂದೂ ಕಣ್ಣಿಗೆ ಬೀಳಲಿಲ್ಲ.

ಅಸಲಿ ಪರೀಕ್ಷೆ ಸರಾಫಾದಲ್ಲಿ. ಹಗಲು ಚಿನ್ನ-ಬೆಳ್ಳಿ ಅಂಗಡಿಗಳ ಬೀದಿ, ರಾತ್ರಿ ಶಟರ್ ಎಳೆದ ಮೇಲೆ ಅದೇ ಜಾಗ ತಿಂಡಿ ಬೀದಿ. ಕಾಲಿಡಲು ಜಾಗವಿಲ್ಲದ ಜನ, ಎಲ್ಲರ ಕೈಯಲ್ಲೂ ದೊನ್ನೆ. ನಾನು ಮುಸುಕಿನ ಜೋಳ ತುರಿದು ಮಾಡುವ ಕೀಸ್ ತಿಂದು, ಗರಾಡು ಅನ್ನುವ ಕರಿದ ಗೆಡ್ಡೆ ತಿಂದು (ಖಾರ ಜಾಸ್ತಿ, ಆದರೂ ಬಿಡಬೇಡಿ), ದೊನ್ನೆ ಹಿಡಿದು ಪೆಚ್ಚಾಗಿ ನಿಂತಿದ್ದೆ. ಅಂಗಡಿ ಹುಡುಗನೇ ಬಂದು ಅದನ್ನು ಕೈಯಿಂದ ತೆಗೆದುಕೊಂಡು ಡಬ್ಬಕ್ಕೆ ಹಾಕಿದ. ಮರುದಿನ ಬೆಳಗ್ಗೆ ಬೇಕಂತಲೇ ಮತ್ತೆ ಹೋದೆ. ಒಂದು ದೊನ್ನೆ, ಒಂದು ಕಡ್ಡಿ ಸಿಗಲಿಲ್ಲ. ತಪ್ಪು ಹುಡುಕಲು ಹೋದವನಿಗೆ ನಿಜವಾಗಲೂ ಬೇಜಾರಾಯಿತು.

ಈ ಹಸಿ ಕಸವೆಲ್ಲ ದೇವಗುರಾಡಿಯಾ ಅನ್ನುವಲ್ಲಿರುವ, ಕಸದಿಂದ ಗ್ಯಾಸ್ ಮಾಡುವ ಘಟಕಕ್ಕೆ ಹೋಗುತ್ತದೆ. 2022ರ ಫೆಬ್ರವರಿಯಲ್ಲಿ ಶುರುವಾದದ್ದು, ಆಗ ದಿನಕ್ಕೆ 550 ಟನ್ ಸಾಮರ್ಥ್ಯ ಇತ್ತು, ಅಲ್ಲಿ ತಯಾರಾದ ಗ್ಯಾಸ್‌ನಲ್ಲಿ ಸಿಟಿ ಬಸ್ಸುಗಳೂ ಓಡುತ್ತವೆ. ತಿಂದ ಜೋಳದ ದಿಂಡು ಬಸ್ ಓಡಿಸುತ್ತೆ ಅಂದರೆ ಮಜಾ ಅನ್ನಿಸುತ್ತೆ.

ಕೊರತೆ ಇಲ್ಲವೇ? ಇದೆ. ಗುಟ್ಕಾ ಕಲೆ ಇಲ್ಲೂ ಇದೆ, ಮುಖ್ಯರಸ್ತೆಯಲ್ಲಲ್ಲ, ಮೆಟ್ಟಿಲು ಮತ್ತು ಸಂದಿಗಳಲ್ಲಿ. ಕೃಷ್ಣಪುರ ಛತ್ರಿಗಳ (ಹಳೇ ರಾಜಮನೆತನದವರ ಸ್ಮಾರಕ ಮಂಟಪಗಳು) ಪಕ್ಕ ಹರಿಯುವ ಕಾನ್ಹ್ ನದಿಯ ನೀರು ನಾನು ಹೋದ ದಿನ ಕಪ್ಪಗಿತ್ತು, ಅಲ್ಲಿ ಕೂತು ಫೋಟೋ ತೆಗೆಯುವ ಮನಸ್ಸಾಗಲಿಲ್ಲ. ಇನ್ನು ನಾನಿದ್ದ ಲಾಡ್ಜು! ರೂಮಿನಲ್ಲಿ ಒಂದೇ ಬುಟ್ಟಿ. ಬಾಳೆಹಣ್ಣಿನ ಸಿಪ್ಪೆ, ನೀರಿನ ಬಾಟಲ್, ಹಳೇ ಬ್ಯಾಟರಿ ಎಲ್ಲ ಅದರಲ್ಲೇ. ಕೇಳಿದರೆ "ಆಮೇಲೆ ನಾವೇ ಬೇರೆ ಮಾಡ್ತೀವಿ ಸಾರ್" ಅಂದರು. ಯಾರ ಕೈ ಅದರೊಳಗೆ ಹೋಗುತ್ತದೋ ಪಾಪ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ನದಿಗೆ, ಲಾಡ್ಜಿನದು ಊರಿನ ಲೆಕ್ಕಕ್ಕೆ ಸೇರಿಸಿಲ್ಲ. ನೀವು ಹೋದರೆ ಸ್ಟೇಷನ್ ಪಕ್ಕ ಬೇಡ, ಮನೆಗಳಿರುವ ಬಡಾವಣೆಯಲ್ಲಿ ರೂಮು ಮಾಡಿ. ಅಲಾರಂ ಇಡುವ ಕೆಲಸವಿಲ್ಲ, ಗಾಡಿಯೇ ಎಬ್ಬಿಸುತ್ತದೆ.