ಪತ್ರಿಕೋದ್ಯಮ ಕಲಿಯುವವರು ಓದಬೇಕಾದ ‘ಅಡಿಕೆ ಪತ್ರಿಕೆ’

1988ರಲ್ಲಿ ಪುತ್ತೂರಿನಿಂದ ಹೊರಡಲಾರಂಭಿಸಿದ ‘ಅಡಿಕೆ ಪತ್ರಿಕೆ’ ಕಾಸರಗೋಡಿನ ತೋಟದ ಮನೆಗಳಿಗೆ ಹೊಸತಲ್ಲ. ಆದರೆ ಈ ಮಾಸಪತ್ರಿಕೆಯನ್ನು ಕೃಷಿಕರಷ್ಟೇ ಅಲ್ಲ, ಪತ್ರಿಕೋದ್ಯಮ ಕಲಿಯುವವರೂ ಚಂದಾ ಕಟ್ಟಿ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆಯಿಂದ ಬಂದು ಸ್ನಾತಕೋತ್ತರ ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿಯಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇಲ್ಲಿ ಕೃಷಿಕರೊಬ್ಬರ ಪ್ರಯೋಗದ ಬಗ್ಗೆ ಲೇಖನ ಬಂದರೆ ಅವರ ದೂರವಾಣಿ ಸಂಖ್ಯೆಯನ್ನೂ ಜೊತೆಗೇ ಅಚ್ಚು ಹಾಕುತ್ತಾರೆ. ಓದುಗ ಮರುದಿನವೇ ಅವರಿಗೆ ಕರೆ ಮಾಡಿ ‘ಇದರಲ್ಲಿ ಬರೆದದ್ದು ಹೌದೇ?’ ಎಂದು ಕೇಳಬಲ್ಲ ಎಂಬ ಅರಿವು ವರದಿಗಾರನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ತರಗತಿಯ ಯಾವ ಪಾಠವೂ ನನಗೆ ಇಷ್ಟು ಸ್ಪಷ್ಟವಾಗಿ ತಿಳಿಸಿರಲಿಲ್ಲ. ಅಡಿಕೆಯ ಕಾಯಿ ಕೊಳೆತು ಉದುರಿಸುವ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತು ಮತ್ತು ಸುಣ್ಣ ತಲಾ 1 ಕಿಲೋ ಬೇಕು. ಬರೆಯುವವರು ಈ ಅಂಕಿಯನ್ನು ತಪ್ಪಿದರೆ ಅದನ್ನು ನಂಬಿದವನ ಇಡೀ ವರ್ಷದ ಫಸಲಿಗೆ ಕುತ್ತು ಬರಬಹುದು. ನಿಖರತೆ ಎಂದರೆ ಪರೀಕ್ಷೆಯ ಉತ್ತರವಲ್ಲ, ಇನ್ನೊಬ್ಬರ ಜೀವನೋಪಾಯದ ಪ್ರಶ್ನೆ ಎಂದು ನಾನು ಕಲಿತದ್ದು ಇಂತಹ ಪುಟಗಳಿಂದ.

ಕೃಷಿಕರ ಕೈಗೇ ಲೇಖನಿ ಕೊಡುವುದು ಈ ಪತ್ರಿಕೆಯ ಧ್ಯೇಯ. ಆದ್ದರಿಂದ ಭಾಷೆ ತೋಟದ್ದೇ ಆಗಿರುತ್ತದೆ, ಇಲಾಖೆಯ ಸುತ್ತೋಲೆಯ ಛಾಯೆ ಕಾಣುವುದಿಲ್ಲ. ಹಲಸಿನ ಮೌಲ್ಯವರ್ಧನೆಯ ಕುರಿತು ವರ್ಷಗಟ್ಟಲೆ ಬಿಡದೆ ಬರೆದ ರೀತಿಯೂ ಗಮನಾರ್ಹವಾದುದು. ಒಂದು ವಿಷಯವನ್ನು ಹಿಡಿದು ಕುಳಿತುಕೊಳ್ಳುವ ತಾಳ್ಮೆಯನ್ನು ಈ ಪತ್ರಿಕೆಯ ಸಂಪಾದಕತ್ವ ವಹಿಸಿದ ಪತ್ರಕರ್ತ ಶ್ರೀ ಪಡ್ರೆಯವರ ಬರವಣಿಗೆಯಲ್ಲಿ ವಿಶೇಷವಾಗಿ ಕಾಣುತ್ತೇನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಆರಂಭದ ವರ್ಷಗಳಲ್ಲೇ, ನಮ್ಮ ಕಡೆಯ ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದುದನ್ನು ಗಮನಿಸಿ ಪ್ರಶ್ನೆ ಎತ್ತಿದವರು ಅವರು. ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಇಷ್ಟು ದೀರ್ಘಕಾಲ ಒಂದು ಊರಿನ ನೋವಿನ ಬೆನ್ನು ಬಿಡದ ವರದಿಗಾರಿಕೆ ನನ್ನ ಪಾಲಿಗೆ ಅತ್ಯಂತ ಗೌರವದ ಕೆಲಸ.

ಕೊರತೆಗಳಿಲ್ಲವೆಂದಲ್ಲ. ಗೆದ್ದ ಪ್ರಯೋಗಗಳಂತೆ ಸೋತ ಪ್ರಯೋಗಗಳಿಗೂ, ತೋಟದಲ್ಲಿ ದುಡಿಯುವ ಕೂಲಿಯವರ ಮಾತಿಗೂ ಇನ್ನಷ್ಟು ಜಾಗ ಸಿಗಬೇಕೆಂದು ನನಗನ್ನಿಸುತ್ತದೆ. ಗಡಿಯ ಈಚೆಗಿನ ನಮಗೆ ಬೇಕಾದ ಮತ್ತೊಂದು ಸಂಗತಿ ಕೇರಳದ ಕೃಷಿಭವನಗಳ (ಊರಿನ ಮಟ್ಟದ ಕೃಷಿ ಇಲಾಖೆಯ ಕಚೇರಿಗಳ) ಯೋಜನೆ, ಸಹಾಯಧನಗಳ ವಿವರ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದ್ದರೂ, ಮಲಯಾಳದಲ್ಲಿ ಬರುವ ಸುತ್ತೋಲೆಯನ್ನು ಓದಿ, ಅಧಿಕಾರಿಯನ್ನು ಕೇಳಿ, ಅರ್ಜಿ ಹಾಕುವ ಕೊನೆಯ ದಿನದೊಳಗೆ ಕನ್ನಡದ ಕೃಷಿಕನಿಗೆ ತಿಳಿಸುವವರು ಬೇಕೇ ಬೇಕು. ಮಾಸಪತ್ರಿಕೆಯೊಂದು ಈ ಅವಸರದ ಕೆಲಸವನ್ನು ಮಾಡಲಾರದು. ಅದನ್ನು ಇಲ್ಲಿಯೇ ನೆಲೆಸಿದ ದ್ವಿಭಾಷಾ ವರದಿಗಾರರು ಮಾಡಬೇಕು. ಪದವಿಯ ಬಳಿಕ ಬೆಂಗಳೂರಿನ ಸುದ್ದಿಮನೆಗೆ ಹೋಗುವ ಯೋಚನೆಯನ್ನು ಬಿಟ್ಟು, ಪೆರ್ಲ, ಬದಿಯಡ್ಕ, ಮುಳ್ಳೇರಿಯಗಳ ಸುದ್ದಿಯನ್ನೇ ವೃತ್ತಿಯಾಗಿಸಿಕೊಳ್ಳಲು ನಾನು ನಿರ್ಧರಿಸಿದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು. ಕಾಲೇಜುಗಳ ವಾಚನಾಲಯಗಳಿಗೂ ಇದನ್ನು ತರಿಸಬೇಕೆಂದು ನಾನು ಶಿಫಾರಸು ಮಾಡುತ್ತೇನೆ.