ಜನೌಷಧಿಯ ರೋಸುವಾಸ್ಟಾಟಿನ್ 10 ಎಂ.ಜಿ.: ಕಾಯಿಲೆ ಇಲ್ಲದವಳು ನುಂಗಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ. ನನಗೆ ಹಾರ್ಟ್ ಅಟ್ಯಾಕ್ ಆಗಿಲ್ಲ, ಸ್ಟೆಂಟ್ ಇಲ್ಲ, ಶುಗರ್ ಇಲ್ಲ, ಬಿ.ಪಿ. ಇಲ್ಲ. ಅಂಥವರ ಪಾಲಿಗೆ ಕೊಲೆಸ್ಟ್ರಾಲ್ ಇಳಿಸೋ ಈ ಮಾತ್ರೆ (ಸ್ಟಾಟಿನ್ ಅನ್ನೋ ಗುಂಪಿನದು) ಹೇಗೆ ಅನ್ನೋದಷ್ಟೇ ಇಲ್ಲಿರೋದು. ಆಗಲೇ ಅಟ್ಯಾಕ್ ಆದವರು ಇದನ್ನು ಓದಿ ಮಾತ್ರೆ ಬಿಡೋಕೆ ಹೋಗಬೇಡಿ, ನಿಮ್ಮ ಲೆಕ್ಕವೇ ಬೇರೆ.

ನಾನು ಹಾಸನದಲ್ಲಿ ಹೈಸ್ಕೂಲ್ ಗಣಿತ ಮೇಡಂ, ವಯಸ್ಸು 53. 2025ರಲ್ಲಿ ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿಯಲ್ಲಿ ದಿನವಿಡೀ ಓಡ್ತಿತ್ತಲ್ಲ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ರಲ್ಲ, ಆಗ ನಮ್ಮ ಸ್ಟಾಫ್ ರೂಮಿನವರೆಲ್ಲ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಟೆಸ್ಟ್) ಮಾಡಿಸಿದ್ವಿ. ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 171 ಬಂತು. ಅಪ್ಪ 51ಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದವರು. ಡಾಕ್ಟರು ತಕ್ಷಣ ಮಾತ್ರೆ ಬರೀಲಿಲ್ಲ. ಥೈರಾಯ್ಡ್ ಕಮ್ಮಿಯಾದರೂ ಕೊಲೆಸ್ಟ್ರಾಲ್ ಏರುತ್ತೆ ಅಂತ ಟಿಎಸ್‌ಎಚ್ ಮಾಡಿಸಿದರು, ಅದು ಸರಿಯಿತ್ತು. ಊಟ ಬದಲಾಯಿಸಿ ನೋಡಿ ಅಂದರು. ಕ್ಯಾಂಟೀನ್ ವಡೆ, ಬೇಕರಿ ಪಫ್ಸ್, ತುಪ್ಪ ಎಲ್ಲ ಬಿಟ್ಟೆ. ಸಹೋದ್ಯೋಗಿಗಳ ಸಲಹೆ ಮೇರೆಗೆ ಹಸಿ ಬೆಳ್ಳುಳ್ಳಿಯನ್ನೂ ಅಗಿದೆ, ಮೊದಲ ಪೀರಿಯಡ್ಡಿನ ಮಕ್ಕಳು ಕ್ಷಮಿಸಲಿ. 171 ಇದ್ದದ್ದು 160 ಆಯ್ತು. ಕೊಲೆಸ್ಟ್ರಾಲ್ ಬಹುಪಾಲು ತಯಾರಾಗೋದು ನಮ್ಮ ದೇಹದಲ್ಲೇ, ಬರೀ ಬಾಯಿ ಕಟ್ಟಿದರೆ ಇಷ್ಟೇ.

ಕೊನೆಗೆ ಮಾತ್ರೆ ಶುರು ಮಾಡೋ ನಿರ್ಧಾರ ಮಾಡಿಸಿದ್ದು ಇನ್ನೊಂದು ಟೆಸ್ಟು, ಲೈಪೊಪ್ರೋಟೀನ್ (ಎ), ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಇನ್ನೊಂದು ಬಗೆಯ ಕಣ. ಇದು ಹೆಚ್ಚೂಕಮ್ಮಿ ಪೂರ್ತಿ ವಂಶದಿಂದ ಬರೋದು, ಸಾಮಾನ್ಯವಾಗಿ ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಅದು 50 ಎಂ.ಜಿ./ಡಿ.ಎಲ್. ದಾಟಿದರೆ ಅಪಾಯ ಅನ್ನೋ ಕಡೆ ನನ್ನದು 78. ಈ ಮಾತ್ರೆ ಅದನ್ನು ಇಳಿಸಲ್ಲ, ಆದರೆ ಅದು ಜಾಸ್ತಿ ಇರೋರು ಎಲ್‌ಡಿಎಲ್ ಆದರೂ ತಗ್ಗಿಸಿಕೊಳ್ಳಬೇಕು. ಅಮೆರಿಕದ ಡಾಕ್ಟರುಗಳ 2018ರ ಮಾರ್ಗಸೂಚಿಯಲ್ಲಿ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿ ಇದೆ: ಅಪ್ಪನಿಗೆ 55ರೊಳಗೆ ಹೃದ್ರೋಗ, ಎಲ್‌ಡಿಎಲ್ 160 ಅಥವಾ ಮೇಲೆ, ಲೈಪೊಪ್ರೋಟೀನ್ (ಎ), ಜೊತೆಗೆ ದಕ್ಷಿಣ ಏಷ್ಯಾದ ಮೂಲ. ನಾಲ್ಕಕ್ಕೆ ನಾಲ್ಕು! ಕ್ಲಾಸಲ್ಲಿ ಇಂಥ ಅಂಕ ಬಂದಿದ್ದರೆ ಖುಷಿ ಪಡಬಹುದಿತ್ತು.

ಈಗ ಲೆಕ್ಕಕ್ಕೆ ಬರೋಣ. ಸ್ಟಾಟಿನ್ ನುಂಗಿದರೆ ಹಾರ್ಟ್ ಅಟ್ಯಾಕ್ ಅಪಾಯ 'ಶೇ. 31 ಕಡಿಮೆ' ಅಂತ ಹೇಳ್ತಾರಲ್ಲ, ಅದು 1995ರಲ್ಲಿ ಪ್ರಕಟವಾದ ಪಶ್ಚಿಮ ಸ್ಕಾಟ್ಲೆಂಡಿನ ಪ್ರಯೋಗದ ಸಂಖ್ಯೆ. ಹಿಂದೆ ಹಾರ್ಟ್ ಅಟ್ಯಾಕ್ ಆಗಿರದ, ಕೊಲೆಸ್ಟ್ರಾಲ್ ಜಾಸ್ತಿಯಿದ್ದ 6595 ಗಂಡಸರು, ಇದೇ ಗುಂಪಿನ ಪ್ರವಾಸ್ಟಾಟಿನ್ ಮಾತ್ರೆ, ಸುಮಾರು 5 ವರ್ಷ. ಡಮ್ಮಿ ಮಾತ್ರೆಯವರಲ್ಲಿ 248 ಜನಕ್ಕೆ ಅಟ್ಯಾಕ್ ಅಥವಾ ಹೃದ್ರೋಗದ ಸಾವು, ನಿಜ ಮಾತ್ರೆಯವರಲ್ಲಿ 174. ಒಂದೊಂದು ಗುಂಪಲ್ಲಿ ಸುಮಾರು 3300 ಜನ. 74 ಜನ ಬಚಾವ್. 3300ನ್ನು 74ರಿಂದ ಭಾಗಿಸಿ: ಸುಮಾರು 45 ಜನ ಐದು ವರ್ಷ ನುಂಗಿದರೆ ಒಬ್ಬನಿಗೆ ತಪ್ಪಿತು. ಎರಡೂ ಒಂದೇ ಪ್ರಯೋಗದ ಸತ್ಯ, ಆದರೆ ಶೇ. 31 ಅಂದಾಗ ಕೇಳೋನ ಮುಖವೇ ಬೇರೆ, 45ರಲ್ಲಿ ಒಬ್ಬ ಅಂದಾಗ ಬೇರೆ. ಅಪಾಯವೇ ಕಮ್ಮಿ ಇರೋರಿಗೆ ಆ 45 ಇನ್ನೂ ದೊಡ್ಡದಾಗುತ್ತೆ. ನನ್ನ ಪಕ್ಕದ ಕುರ್ಚಿಯ ಸಮಾಜ ವಿಜ್ಞಾನದ ಮೇಡಂಗೆ ಎಲ್‌ಡಿಎಲ್ 135, ಮನೆತನದಲ್ಲಿ ಯಾರಿಗೂ ಏನೂ ಇಲ್ಲ. ಅವರಿಗೆ ಡಾಕ್ಟರು ಬೇಡ ಅಂದದ್ದು ಸರಿಯಾಗೇ ಇದೆ.

ಸಾಮಾನಿನ ವಿಷಯ. ಪುಟ್ಟ ದುಂಡನೆ ಮಾತ್ರೆ, ರುಚಿ ಇಲ್ಲ, ನುಂಗೋಕೆ ಕಷ್ಟ ಇಲ್ಲ. ದಿನಕ್ಕೊಂದು, ಯಾವ ಹೊತ್ತಿಗಾದರೂ ಆಗುತ್ತೆ, ಊಟಕ್ಕೆ ಮುಂಚೆ-ಆಮೇಲೆ ಅಂತಿಲ್ಲ. ಜನೌಷಧಿಯಲ್ಲಿ ಬೆಲೆ ಹೆಸರಾಂತ ಮೂರು ಬ್ರಾಂಡುಗಳ ಸರಾಸರಿಯ ಅರ್ಧ ದಾಟಬಾರದು ಅನ್ನೋ ನಿಯಮ ಇದೆ. ವರ್ಷಗಟ್ಟಲೆ ನುಂಗೋ ಮಾತ್ರೆಗೆ ಇದು ಸಣ್ಣ ವಿಷಯ ಅಲ್ಲ. ಫಲಿತಾಂಶ: ಎರಡು-ಮೂರು ತಿಂಗಳು ಬಿಟ್ಟು ಮಾಡಿಸಿದಾಗ 160 ಇದ್ದ ಎಲ್‌ಡಿಎಲ್ 88. ಬೆಳ್ಳುಳ್ಳಿ ಇನ್ನು ಒಗ್ಗರಣೆಗೆ ಮಾತ್ರ.

ಒಂದು ಸಲ ಜನೌಷಧಿಗೆ ರಜೆಯಿತ್ತು ಅಂತ ಬೇರೆ ಮೆಡಿಕಲ್‌ಗೆ ಹೋದೆ (ಹೆಸರು ಬೇಡ). 'ಇದೇ ಮೇಡಂ, ಇನ್ನೂ ಪವರ್‌ಫುಲ್' ಅಂತ ಕ್ಯಾಪ್ಸೂಲ್ ಸ್ಟ್ರಿಪ್ ಕೊಟ್ಟ. ಹಿಂದೆ ತಿರುಗಿಸಿ ಓದಿದರೆ ರೋಸುವಾಸ್ಟಾಟಿನ್ ಜೊತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್! ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅವೆರಡೂ ಸ್ಟೆಂಟ್ ಹಾಕಿಸಿಕೊಂಡಂಥವರಿಗೆ ಕೊಡೋದು. ಕಾಯಿಲೆ ಇಲ್ಲದ ನನಗೆ ಸಿಗೋದು ರಕ್ತಸ್ರಾವದ ಅಪಾಯ ಮಾತ್ರ. ಕೌಂಟರಲ್ಲೇ ವಾಪಸ್ ಕೊಟ್ಟೆ. ಅವನ ಮುಖ ಸಣ್ಣದೂ ಆಗಲಿಲ್ಲ. ದಯವಿಟ್ಟು ಸ್ಟ್ರಿಪ್ಪಿನ ಹಿಂಭಾಗ ಓದಿ.

ಸೈಡ್ ಎಫೆಕ್ಟ್? ಶುರುವಿನಲ್ಲಿ ಮೀನಖಂಡ ನೋಯ್ತಿತ್ತು. ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ನೋಡೋ ಸಿಪಿಕೆ ಟೆಸ್ಟ್ ನಾರ್ಮಲ್ ಬಂತು, ನೋವು ತಾನಾಗಿ ಹೋಯ್ತು. ದಿನವಿಡೀ ಬೋರ್ಡ್ ಮುಂದೆ ನಿಲ್ಲೋಳಿಗೆ ಅದು ಮಾತ್ರೆಯದೋ ಕೆಲಸದ್ದೋ ಹೇಗೆ ಹೇಳೋದು? ಲಂಡನ್ನಿನ ಒಂದು ಪ್ರಯೋಗದಲ್ಲಿ, ತೊಂದರೆ ಆಯ್ತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ನಿಜ ಮಾತ್ರೆ, ಕೆಲವು ತಿಂಗಳು ಡಮ್ಮಿ ಕೊಟ್ಟು ನೋಡಿದರು, ತೊಂದರೆಯ ಶೇ. 90ರಷ್ಟು ಡಮ್ಮಿಯಲ್ಲೂ ಕಾಣಿಸಿತು. ಆದರೂ ವಿಪರೀತ ನೋವು, ಮೂತ್ರ ಕಪ್ಪಗಾಗೋದು ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು.

ನನಗಿರೋ ನಿಜವಾದ ಚಿಂತೆ ಸಕ್ಕರೆಯದು. 2008ರ ಜುಪಿಟರ್ ಪ್ರಯೋಗದಲ್ಲಿ ಇದೇ ರೋಸುವಾಸ್ಟಾಟಿನ್, 20 ಎಂ.ಜಿ. ತಗೊಂಡವರಲ್ಲಿ 270 ಜನಕ್ಕೆ ಹೊಸದಾಗಿ ಡಯಾಬಿಟಿಸ್ ಬಂತು, ಡಮ್ಮಿಯವರಲ್ಲಿ 216. ವ್ಯತ್ಯಾಸ ಚಿಕ್ಕದು, ಆದರೆ ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಟೆಸ್ಟ್) 5.9, ಗಡಿಯಲ್ಲೇ ನಿಂತಿದೆ.

ಇನ್ನೆರಡು ಉಪಯೋಗದ ಮಾತು. ಗ್ಯಾಸ್ ಸಿರಪ್ ಕುಡಿಯೋರು ಈ ಮಾತ್ರೆ ತಗೊಂಡು ಎರಡು ಗಂಟೆ ಬಿಟ್ಟು ಕುಡೀರಿ, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ದೇವನಹಳ್ಳಿ ಚಕ್ಕೋತ ನಮ್ಮ ನಾದಿನಿ ಮನೆಯಿಂದ ಬರುತ್ತೆ, ನಾನು ಧಾರಾಳವಾಗಿ ತಿಂತೀನಿ. ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತಗೊಳ್ಳೋರು ಮಾತ್ರ ಕೇಳಿಕೊಂಡು ತಿನ್ನಿ, ಯಾಕಂದರೆ ಆ ಮಾತ್ರೆಗಳಿಗೆ ಆಗದ ಗ್ರೇಪ್‌ಫ್ರೂಟ್ ಈ ಚಕ್ಕೋತದ ಸಂತಾನವೇ.

ಐದಕ್ಕೆ ನಾಲ್ಕು. ಒಂದು ಅಂಕ ಸಕ್ಕರೆಗೆ ಹಿಡಿದಿಟ್ಟಿದ್ದೀನಿ. ಮುಂದಿನ ಎಚ್‌ಬಿಎ1ಸಿ ಮಾರ್ಚಿನಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಗಲಾಟೆಗೆ ಮುಂಚೆ. ಬಂದ ಮೇಲೆ ಇಲ್ಲೇ ಸೇರಿಸ್ತೀನಿ.