ಹಿಮದೂರಿನ ಕಾಂಕ್ರೀಟಿಗೆ ಯಾವುದು: ಬಿರುಕು ಮುಚ್ಚುವ ಪುಡಿಯಾ, ಗಾಳಿಗುಳ್ಳೆಯಾ?

ಕೆನಡಾದ ಕ್ಯಾಲ್ಗರಿಯಲ್ಲಿ ಹೊರಗಡೆ ಕಾಂಕ್ರೀಟ್ ಹಾಕಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವುದನ್ನೇ ಹಾಕಿಸಿ. ತಾನೇ ಬಿರುಕು ಮುಚ್ಚಿಕೊಳ್ಳುವ ಪುಡಿಯ ವಿಚಾರ ಆಮೇಲೆ.

ನಮ್ಮ ಮನೆಯಲ್ಲಿ ಎರಡೂ ಇವೆ. ಮುಂಬಾಗಿಲ ಮೆಟ್ಟಿಲಿಗೆ ಬಿರುಕು ಮುಚ್ಚುವ ಕ್ರಿಸ್ಟಲೈನ್ ಪುಡಿ ಬೆರೆಸಿದ್ದು, ಕಾರು ನಿಲ್ಲಿಸುವ ಜಾಗಕ್ಕೆ ಏರ್ ಎಂಟ್ರೈನ್ಡ್, ಅಂದರೆ ಗಾಳಿಗುಳ್ಳೆ ಇರುವುದು. ಹಿಮವಾಗಲಿ, ಅದನ್ನು ಕರಗಿಸಲು ಎರಚುವ ಉಪ್ಪಾಗಲಿ, ಎರಡಕ್ಕೂ ಒಂದೇ.

ಪುಡಿ ತನ್ನ ಕೆಲಸ ಮಾಡಿದೆ, ಅದರಲ್ಲಿ ಸುಳ್ಳಿಲ್ಲ. ಮೆಟ್ಟಿಲ ಬದಿಯ ಕೂದಲೆಳೆಯಂಥ ಬಿರುಕು ಬೇಸಿಗೆಯ ಮಳೆಯಲ್ಲಿ ಬೆಳ್ಳಗೆ ಕಟ್ಟಿಕೊಂಡಿತು. ನೀರು ತಾಕಿದಾಗ ಒಳಗೆ ಹರಳು ಬೆಳೆದು ಸಂದು ತುಂಬುತ್ತದೆ.

ಆದರೆ ಚಳಿಗಾಲದಲ್ಲಿ ಮೆಟ್ಟಿಲ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಜಲ್ಲಿ ಕಾಣಿಸತೊಡಗಿತು. ದಿನಾ ಬೆಳಿಗ್ಗೆ ಗುಡಿಸಿದರೂ ಮತ್ತೆ ಕಾಂಕ್ರೀಟಿನ ಚೂರು ಉದುರುತ್ತಿತ್ತು. ನೀರು ಮಂಜುಗಡ್ಡೆಯಾದರೆ ಸುಮಾರು 9% ಹಿಗ್ಗುತ್ತದೆ. ಇಲ್ಲಿ ಬೆಟ್ಟದ ಕಡೆಯಿಂದ ಬರುವ ಬೆಚ್ಚನೆಯ ಶಿನೂಕ್ ಗಾಳಿ ಬೀಸಿದರೆ ಕೆಲವೇ ಗಂಟೆಯಲ್ಲಿ ಹಿಮ ಕರಗುತ್ತದೆ, ಆಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಪ್ರತಿ ಸಲವೂ ಕಾಂಕ್ರೀಟಿನ ಒಳಗೆ ಒತ್ತಡ. ಉಪ್ಪು ಬಿದ್ದರಂತೂ ಇನ್ನೂ ಜಾಸ್ತಿ.

ಹರಳು ಬೆಳೆಯಲು ಹೆಪ್ಪುಗಟ್ಟದ ನೀರು ಬೇಕು, ಸಮಯವೂ ಬೇಕು. ಚಳಿಯಲ್ಲಿ ಎರಡೂ ಸಿಗುವುದಿಲ್ಲ. ಬಿರುಕನ್ನೇನೋ ಅದು ತುಂಬೀತು, ಕಿತ್ತುಹೋದ ಚಕ್ಕೆಯನ್ನು ಮತ್ತೆ ಹೇಗೆ ಕೂಡಿಸೀತು? "ಪುಡಿ ಹಾಕಿದ ಮೇಲೆ ಗಾಳಿಗುಳ್ಳೆ ಯಾಕೆ" ಎಂದು ಕೆಲಸ ಹಿಡಿದವರು ಹೇಳಿದ್ದೇ ಮುಳುವಾಯಿತು. ಮೆಟ್ಟಿಲಿಗೆ ಎರಡೂ ಇದ್ದಿದ್ದರೆ ಬೇರೆ ಮಾತು.

ಕಾರಿನ ಜಾಗ ಗಟ್ಟಿಯಾಗಿದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಒತ್ತೊತ್ತಾಗಿವೆ. ಹಿಗ್ಗುವ ನೀರಿಗೆ ಅಲ್ಲಿ ಜಾಗ ಸಿಗುತ್ತದೆ. ಕೆನಡಾದ ಸಿಎಸ್‌ಎ ಮಾನದಂಡದಲ್ಲಿ ಇದಕ್ಕೆ ಸಿ-2 ದರ್ಜೆ ಇದೆ: 32 ಎಂಪಿಎ (ಮೆಗಾಪ್ಯಾಸ್ಕಲ್) ಬಲ, ನೀರು-ಸಿಮೆಂಟ್ ಅನುಪಾತ 0.45ಕ್ಕಿಂತ ಜಾಸ್ತಿ ಇರಬಾರದು, ಸಾಮಾನ್ಯ ಜಲ್ಲಿಗೆ 5ರಿಂದ 8% ಗಾಳಿ. ಕಾಂಕ್ರೀಟಿನ ಲಾರಿ ಬಂದ ಮೇಲೆ ಅದಕ್ಕೆ ನೀರು ಸುರಿಯಲು ಬಿಡಬೇಡಿ. ಕರಣೆಯಲ್ಲಿ ಮೇಲ್ಮೈಯನ್ನು ಅತಿಯಾಗಿ ತೀಡಿದರೂ ಮೇಲಿನ ಗುಳ್ಳೆ ಹೋಗಿಬಿಡುತ್ತದೆ.

ಬಿರುಕು ಮುಚ್ಚಲು ಬ್ಯಾಕ್ಟೀರಿಯಾ ಬೆರೆಸುವ ಕಾಂಕ್ರೀಟೂ ಇದೆ, ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ರೂಪುಗೊಂಡದ್ದು. ನಾಲ್ಕು ಮೆಟ್ಟಿಲಿಗೆ ಅಷ್ಟು ಖರ್ಚು ನನಗಂತೂ ಬೇಡ.

ನೆಲಮಾಳಿಗೆಯ ಗೋಡೆಗೆ ಪುಡಿಯನ್ನೇ ಹಾಕಿಸುತ್ತೇನೆ. ಊರಲ್ಲಿ ಅಣ್ಣ ನೀರಿನ ತೊಟ್ಟಿಗೆ ಕೇಳಿದಾಗಲೂ ಹಾಕಿಸು ಅಂದೆ, ಅಲ್ಲಿ ಹೆಪ್ಪುಗಟ್ಟುವ ಮಾತೇ ಇಲ್ಲ ಅಲ್ವಾ. ಇಲ್ಲಿನ ಮೆಟ್ಟಿಲನ್ನು ಮಾತ್ರ ಈ ಬೇಸಿಗೆಯಲ್ಲಿ ಒಡೆಸುತ್ತಿದ್ದೇವೆ. ಸಿ-2 ಎಂದು ಬರಹದಲ್ಲೇ ಹಾಕಿಸಿಕೊಂಡಿದ್ದೇನೆ. ಮೊದಲ ಚಳಿಗಾಲ ಅದರ ಮೇಲೆ ಉಪ್ಪು ಹಾಕುವುದಿಲ್ಲ, ಜಾರದ ಹಾಗೆ ಮರಳು ಎರಚುತ್ತೇವೆ.